ಹೋಗಿ ಬಂದವರು ಹೇಳಿದ್ದು

ಗೆಳೆಯರೇ, ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತಿರುವವರಲ್ಲಿ ಅರ್ಧ ಜನರ ಮುಖವನ್ನು ನಾನು ಇವತ್ತೇ ಮೊದಲ ಸಲ ನೋಡುತ್ತಿದ್ದೇನೆ. ಆದರೆ ನಿಮ್ಮಲ್ಲಿ ಯಾರಿಗೆ ಕಿಟಕಿ ಪಕ್ಕದ ಸೀಟೇ ಆಗಬೇಕು, ಯಾರಿಗೆ ಬೆಟ್ಟದ ತಿರುವುಗಳಲ್ಲಿ ಹೊಟ್ಟೆ ತೊಳಸುತ್ತದೆ, ಯಾರು ಹೊಸ ಊರಿಗೆ ಹೋದರೆ ಮೊದಲು ರೈಲು ನಿಲ್ದಾಣ ನೋಡಿ ಬರುತ್ತಾರೆ, ಎಲ್ಲಾ ಗೊತ್ತು. ಬೆಳಿಗ್ಗೆ ಬಾಗಿಲ ಹತ್ತಿರ ಒಬ್ಬರು ಬಂದು ಹೆಸರು ಹೇಳಿದರು. "ಓ, ಎರಡು ಸಲ ಒಂದೇ ದೋಣಿ ತಪ್ಪಿಸಿಕೊಂಡವರು ನೀವೇನಾ?" ಅಂದೆ. ಅವರು ಜೋರಾಗಿ ನಕ್ಕು ಕೈ ಹಿಡಿದುಕೊಂಡರು. 22 ವರ್ಷದ ಸ್ನೇಹ ಅಂದರೆ ಹೀಗೆ, ಅಲ್ವಾ?

ಹೋಗಿ ಬಂದ ಊರುಗಳ ದಾರಿ, ಸುದ್ದಿಯನ್ನು ಒಬ್ಬರಿಗೊಬ್ಬರು ಬರೆದು ತಿಳಿಸುತ್ತಿದ್ದ ನಮ್ಮ ಬಳಗ ಇವತ್ತಿಗೆ ಮುಗಿಯುತ್ತದೆ. ಯಾಕೆ ಅನ್ನುವುದು ನಿಮಗೆಲ್ಲ ಗೊತ್ತಿರುವುದೇ. ನಡೆಸಿಕೊಂಡು ಬಂದವರು ದಣಿದಿದ್ದಾರೆ, ಭಾರ ಹೊರಲು ಇನ್ನೊಬ್ಬರು ಸಿಗಲಿಲ್ಲ. ಅದನ್ನು ಮತ್ತೆ ಕೆದಕುವುದಿಲ್ಲ. ನಾನು ಒಂದು ಕೋರಿಕೆ ಇಟ್ಟುಕೊಂಡು ಬಂದಿದ್ದೇನೆ. ನಿಮ್ಮ ಮನೆಯಲ್ಲಿರುವ ಹಳೇ ಟಿಪ್ಪಣಿ, ಕೈಯಲ್ಲಿ ಬರೆದ ನಕ್ಷೆ, ಪತ್ರ, ಯಾವುದನ್ನೂ ಎಸೆಯಬೇಡಿ. ಪ್ರತಿಯೊಂದಕ್ಕೂ ತಾರೀಕು ಹಾಕಿ. ಆಮೇಲೆ ಇನ್ನೊಬ್ಬರ ಕೈಗೆ ಕೊಡಿ. ಈ ಮಾತನ್ನು ಇವತ್ತು ನಾಲ್ಕೈದು ಸಲ ಹೇಳುತ್ತೇನೆ, ದಯವಿಟ್ಟು ಸಹಿಸಿಕೊಳ್ಳಿ.

ದೇಶ ಸುತ್ತು, ಕೋಶ ಓದು ಅಂತಾರೆ. ಎರಡೂ ಸರಿ. ಆದರೆ ಇವೆರಡರ ನಡುವೆ ಇನ್ನೊಂದಿದೆ: ಹೋಗಿ ಬಂದವರನ್ನು ಕೇಳು. ಪುಸ್ತಕದಲ್ಲಿ ಸೇತುವೆ ಇರುತ್ತದೆ. ಮೊನ್ನೆ ಹೋಗಿ ಬಂದವರಿಗೆ ಮಾತ್ರ ಆ ಸೇತುವೆ ಮಳೆಗೆ ಕೊಚ್ಚಿಹೋಗಿರುವುದು ಗೊತ್ತು. ನಾವು 22 ವರ್ಷ ಮಾಡಿದ್ದು ಈ ಕೆಲಸವನ್ನೇ. ಇದು ಸಣ್ಣ ಕೆಲಸ ಅಂತ ಯಾರಾದರೂ ಅಂದರೆ ನನಗೆ ನಿಜವಾಗಲೂ ಕೋಪ ಬರುತ್ತದೆ.

ಈಗ ಪೀಪಾಯಿಯ ಕಥೆ. ಕೆಲವರು ಆಗಲೇ ನಗುತ್ತಿದ್ದೀರಿ. ಗೊತ್ತು, ಈ ಕಥೆ ಬರೆದು ನಿಮ್ಮನ್ನು ಸಾಕಷ್ಟು ಸಲ ಕಾಡಿದ್ದೇನೆ. ಎದುರಿಗೆ ಕೂರಿಸಿಕೊಂಡು ಹೇಳುವ ಅವಕಾಶ ಸಿಕ್ಕಿರುವುದು ಇದೇ ಮೊದಲು.

ಪೆಸಿಫಿಕ್ ಸಾಗರದಲ್ಲಿ ಗಲಾಪಗೋಸ್ ದ್ವೀಪಗಳಿವೆ. ಈಕ್ವೆಡಾರ್ ದೇಶಕ್ಕೆ ಸೇರಿದ್ದು, ಅದರ ಕರಾವಳಿಯಿಂದ ಸುಮಾರು 1,000 ಕಿಲೋಮೀಟರ್ ದೂರ. ಜನ ಅಲ್ಲಿಗೆ ದೊಡ್ಡ ಆಮೆಗಳನ್ನು ನೋಡಲು ಹೋಗುತ್ತಾರೆ. 1835ರಲ್ಲಿ ಡಾರ್ವಿನ್ ಕಾಲಿಟ್ಟ ಜಾಗ ಅಂತ ಹೋಗುತ್ತಾರೆ. ನನ್ನ ಮನಸ್ಸಿರುವುದು ಅಲ್ಲಿನ ಫ್ಲೋರಿಯಾನಾ ದ್ವೀಪದ ದಡದಲ್ಲಿರುವ ಒಂದು ಪೀಪಾಯಿಯ ಮೇಲೆ.

18ನೇ ಶತಮಾನದ ಕೊನೆಯಲ್ಲಿ ತಿಮಿಂಗಿಲ ಬೇಟೆಯ ಹಡಗುಗಳು ಆ ಕಡೆ ಬರತೊಡಗಿದವು. ಒಮ್ಮೆ ಮನೆ ಬಿಟ್ಟರೆ ಎರಡು ಮೂರು ವರ್ಷ ಸಮುದ್ರದಲ್ಲೇ. ಮನೆಗೆ ಒಂದು ಸಾಲು ಬರೆದು ಕಳಿಸೋಣ ಅಂದರೆ ಅಂಚೆಯೂ ಇಲ್ಲ, ಬಂದರಿನಲ್ಲಿ ಕಚೇರಿಯೂ ಇಲ್ಲ. ಯಾರೋ ದಡದಲ್ಲಿ ಒಂದು ಖಾಲಿ ಪೀಪಾಯಿ ಇಟ್ಟರು. ಬೇಟೆಗೆ ಹೊರಟ ಹಡಗಿನವರು ಅದರಲ್ಲಿ ಪತ್ರ ಹಾಕುತ್ತಿದ್ದರು. ಬೇಟೆ ಮುಗಿಸಿ ಊರ ಕಡೆ ತಿರುಗಿದ ಹಡಗಿನವರು ಪತ್ರಗಳನ್ನು ಆರಿಸಿ ಒಯ್ಯುತ್ತಿದ್ದರು. ಅಷ್ಟೇ ವ್ಯವಸ್ಥೆ. ಕಾವಲಿಲ್ಲ, ಬೀಗವಿಲ್ಲ, ಲೆಕ್ಕದ ಪುಸ್ತಕವಿಲ್ಲ.

ಪತ್ರ ಹಾಕುವವನ ಮನಸ್ಸು ನೆನೆಸಿಕೊಳ್ಳಿ. ಅದನ್ನು ತಲುಪಿಸುವವನು ಯಾರು ಅಂತ ಅವನಿಗೆ ಗೊತ್ತಿಲ್ಲ. ಯಾವಾಗ ಬರುತ್ತಾನೆ ಅಂತಲೂ ಗೊತ್ತಿಲ್ಲ. ಪತ್ರ ತಲುಪುವ ಹೊತ್ತಿಗೆ ಹೆಂಡತಿ ಮಕ್ಕಳು ಹೇಗಿರುತ್ತಾರೋ ಏನೋ. ಆದರೂ ಬರೆದು, ಮಡಿಸಿ, ಹಾಕಿ, ಹಡಗು ಹತ್ತುತ್ತಾನೆ.

ಈ ನಂಬಿಕೆಗೆ ಪೆಟ್ಟೂ ಬಿದ್ದಿದೆ, ಅದನ್ನು ಮುಚ್ಚಿಡುವುದಿಲ್ಲ. 1813ರಲ್ಲಿ ಅಮೆರಿಕಕ್ಕೂ ಬ್ರಿಟನ್ನಿಗೂ ಯುದ್ಧ ನಡೆಯುತ್ತಿತ್ತು. ಎಸೆಕ್ಸ್ ಅನ್ನುವ ಅಮೆರಿಕನ್ ಯುದ್ಧನೌಕೆಯ ಕ್ಯಾಪ್ಟನ್ ಡೇವಿಡ್ ಪೋರ್ಟರ್ ಈ ದ್ವೀಪಕ್ಕೆ ಬಂದ. ಪೀಪಾಯಿಯ ಪತ್ರಗಳನ್ನು ತರಿಸಿ ಓದಿದ. ಯಾವ್ಯಾವ ಬ್ರಿಟಿಷ್ ಹಡಗುಗಳು ಆ ಸಮುದ್ರದಲ್ಲಿ ತಿರುಗುತ್ತಿವೆ ಅನ್ನುವ ಸುಳಿವು ಸಿಕ್ಕಿತು. ಮುಂದಿನ ತಿಂಗಳುಗಳಲ್ಲಿ ಆ ಭಾಗದಲ್ಲಿ ಒಂದಾದ ಮೇಲೆ ಒಂದರಂತೆ ಹಡಗುಗಳನ್ನು ಹಿಡಿದ. ಹೆಂಡತಿಗೆ ಬರೆದ ಪತ್ರ ಶತ್ರುವಿನ ಕೈಗೆ ಬೇಹುಗಾರಿಕೆಯ ಕಾಗದವಾಯಿತು.

ಇಷ್ಟಾದರೂ ಜನ ಅಲ್ಲಿ ಪತ್ರ ಹಾಕುವುದನ್ನು ಬಿಡಲಿಲ್ಲ! ನನಗೆ ರೋಮಾಂಚನ ಆಗುವುದು ಇಲ್ಲೇ. ಇವತ್ತಿಗೂ ಹೋದವರು ಸ್ಟಾಂಪು ಇಲ್ಲದ ಕಾರ್ಡ್ ಹಾಕಿ ಬರುತ್ತಾರೆ. ಅಲ್ಲಿರುವ ಕಾರ್ಡುಗಳನ್ನೆಲ್ಲ ತಿರುವಿ ಹಾಕಿ, ತಮ್ಮ ಊರಿನ ಹತ್ತಿರದ ವಿಳಾಸ ಸಿಕ್ಕರೆ ಎತ್ತಿಕೊಂಡು ಬಂದು ಕೈಯಾರೆ ಕೊಡುತ್ತಾರೆ. ಈಗ ಅಲ್ಲಿರುವುದು ಮೊದಲಿನ ಪೀಪಾಯಿ ಅಲ್ಲ. ಉಪ್ಪು ಗಾಳಿಗೆ ಮರ ಎಷ್ಟು ದಿನ ಬಾಳೀತು? ಹಳೆಯದು ಹೋದಾಗ ಹೊಸದನ್ನು ಇಡುತ್ತಲೇ ಬಂದಿದ್ದಾರೆ.

ನಮ್ಮ ಬಳಗದ ಒಬ್ಬರು ಅಲ್ಲಿಂದ ಒಂದು ಕಾರ್ಡ್ ತಂದರು. ವಿಳಾಸ ಹುಡುಕಿಕೊಂಡು ಹೋಗಿ ಮೂರು ಮಹಡಿ ಹತ್ತಿ ಬಾಗಿಲು ತಟ್ಟಿದರು. ಕಾರ್ಡಿನಲ್ಲಿ ದೊಡ್ಡ ದೊಡ್ಡ ಅಕ್ಷರದಲ್ಲಿ "ಪುಟ್ಟನಿಗೆ, ಇಲ್ಲಿನ ಆಮೆ ನಿನಗಿಂತ ದಪ್ಪ ಇದೆ" ಅಂತ ಅವನ ಮಾವ ಬರೆದಿದ್ದರು. ಬಾಗಿಲು ತೆಗೆದವನಿಗೆ ಮೀಸೆ ಬಂದಿತ್ತು. ಅವನು ಹೊಸ್ತಿಲಲ್ಲೇ ನಿಂತು ಎರಡು ಸಲ ಓದಿಕೊಂಡನಂತೆ. ಆಮೇಲೆ "ಒಳಗೆ ಬನ್ನಿ ಆಂಟಿ" ಅಂದನಂತೆ. ಅವರು ಈಗ ಮೂರನೇ ಸಾಲಿನಲ್ಲಿ ಕೂತಿದ್ದಾರೆ. ಹೆಸರು ಹೇಳಬಾರದು ಅಂದಿದ್ದಾರೆ, ಹೇಳುವುದಿಲ್ಲ.

ಪೀಪಾಯಿ ಸಾಕು. ನನ್ನ ಕೈಯಲ್ಲಿರುವ ಈ ಹಾಳೆ ನೋಡಿ. ಹಿಂದೆ ಕೂತವರಿಗೆ ಕಾಣಲಿಕ್ಕಿಲ್ಲ. ನಾಲ್ಕಾಗಿ ಮಡಿಸಿ ಮಡಿಸಿ ಮಡಿಕೆಯ ಗೆರೆಗಳು ಹರಿದಿವೆ, ಹಿಂದಿನಿಂದ ಟೇಪು ಹಚ್ಚಿದ್ದೇನೆ. ಮೇಲ್ಗಡೆ ನೀಲಿ ಶಾಯಿಯಲ್ಲಿ ಒಂದು ನಕ್ಷೆ. ಒಂದು ಬಸ್ ನಿಲ್ದಾಣ, ಎರಡು ರಸ್ತೆ, ಗಾರೆ ಉದುರಿದ ಒಂದು ಗೋಡೆ, ಒಂದು ಬಾಣದ ಗುರುತು. ಪಕ್ಕದಲ್ಲಿ ಬರೆದಿದೆ: "ದೀಪ ಇರುವ ರಸ್ತೆ ಹಿಡಿಯಬೇಡಿ, ಅದು ಸುತ್ತು. ಕತ್ತಲೆ ಇರುವುದೇ ಸರಿಯಾದ ದಾರಿ. ಗೋಡೆ ಹತ್ತಿರ ನಾಯಿ ಬೊಗಳುತ್ತದೆ, ಕಚ್ಚುವುದಿಲ್ಲ." ಬರೆದವರನ್ನು ನಾನು ಆಗ ನೋಡಿರಲಿಲ್ಲ. ಆ ಕಡೆ ಹೋಗುತ್ತಿದ್ದೇನೆ ಅಂತ ಬಳಗದಲ್ಲಿ ಹೇಳಿದ್ದೆ, ಅಷ್ಟೇ. ವಾರದೊಳಗೆ ಈ ಹಾಳೆ ನನ್ನ ಕೈ ಸೇರಿತು.

ಸಂಜೆ 6 ಗಂಟೆಗೆ ತಲುಪಬೇಕಿದ್ದ ಬಸ್ಸು ರಾತ್ರಿ ಹನ್ನೊಂದಕ್ಕೆ ನನ್ನನ್ನು ಇಳಿಸಿ ಹೊರಟುಹೋಯಿತು. ಸುತ್ತ ಒಂದು ನರಪಿಳ್ಳೆ ಇಲ್ಲ. ಆ ಊರಿನ ಭಾಷೆಯಲ್ಲಿ ನನಗೆ ಬರುತ್ತಿದ್ದದ್ದು ಎರಡು ಪದ. ಎದೆ ಡವಡವ ಅನ್ನುತ್ತಿತ್ತು. ಬ್ಯಾಟರಿ ಬೆಳಕಿನಲ್ಲಿ ಹಾಳೆ ಬಿಡಿಸಿದೆ. ಎಡಕ್ಕೆ ದೀಪ ಇರುವ ಅಗಲವಾದ ರಸ್ತೆ. ಬಲಕ್ಕೆ ಕಗ್ಗತ್ತಲೆ. ನನ್ನ ಬುದ್ಧಿ ಎಡಕ್ಕೆ ಹೋಗು ಅಂದಿತು. ಆದರೆ ಹೋಗಿ ಬಂದವರು ಬಲಕ್ಕೆ ಅಂದಿದ್ದರು. ಬಲಕ್ಕೆ ತಿರುಗಿದೆ. 40 ಹೆಜ್ಜೆ ಹೋದ ಮೇಲೆ ನಾಯಿ ಬೊಗಳಿತು. ನೋಡಿ, ಜೀವನದಲ್ಲಿ ನಾಯಿ ಬೊಗಳಿದ್ದಕ್ಕೆ ನನಗೆ ಅಷ್ಟು ಸಂತೋಷ ಯಾವತ್ತೂ ಆಗಿಲ್ಲ. ಅಳು ಬಂದುಬಿಟ್ಟಿತು.

ವಾಪಸ್ ಬಂದ ಮೇಲೆ ಅವರಿಗೆ ತಿಳಿಸಿದೆ: ಗೋಡೆಗೆ ಗಾರೆ ಹಾಕಿ ಹಸಿರು ಬಣ್ಣ ಬಳಿದಿದ್ದಾರೆ, ದಾರಿ ಸರಿಯಿದೆ. ಅವರು ತಿರುಗಿ ಕೇಳಿದ್ದು ಒಂದೇ ಮಾತು, "ನಾಯಿ ಇದೆಯಾ?" ಇದೆ ಅಂದೆ. ಹಾಳೆಯ ಮೇಲೆ ನನ್ನ ಕೈಬರಹದಲ್ಲಿ "ಗೋಡೆ ಈಗ ಹಸಿರು" ಅಂತ ಸೇರಿಸಿದೆ. ಅಲ್ಲಿಂದ ಇದು ಮೂರನೆಯವರಿಗೆ ಹೋಯಿತು, ನಾಲ್ಕನೆಯವರಿಗೆ ಹೋಯಿತು. ಪೆನ್ಸಿಲ್‌ನಲ್ಲಿ ಒಬ್ಬರು "ಎರಡೂ ರಸ್ತೆಗೆ ದೀಪ ಬಂದಿದೆ" ಅಂದಿದ್ದಾರೆ. ಕೆಂಪು ಶಾಯಿಯಲ್ಲಿ ಇನ್ನೊಬ್ಬರು "ನಾಯಿ ಇಲ್ಲ" ಅಂತ ಎರಡೇ ಪದ ಬರೆದು, ಪಕ್ಕದಲ್ಲಿ ಒಂದು ಪುಟ್ಟ ನಾಯಿಯ ಚಿತ್ರ ಬಿಡಿಸಿದ್ದಾರೆ.

ನನ್ನ ಸಂಕಟ ಏನು ಗೊತ್ತಾ? ಈ ನಾಲ್ಕು ಕೈಬರಹದಲ್ಲಿ ಒಂದಕ್ಕೂ ತಾರೀಕಿಲ್ಲ. ದೀಪ ಬಂದದ್ದು ಯಾವಾಗ? ನಾಯಿ ಹೋದದ್ದು ಯಾವಾಗ? ನಾನು ಬರೆದದ್ದಕ್ಕೂ ತಾರೀಕು ಹಾಕಿರಲಿಲ್ಲ. ಬಳಗ ಇದ್ದಾಗ ತೊಂದರೆ ಇರಲಿಲ್ಲ, ಕೇಳಿದರೆ ಯಾರಾದರೂ ಹೇಳುತ್ತಿದ್ದರು. ನಾಳೆಯಿಂದ ಕೇಳುವುದು ಯಾರನ್ನು?

ತಾರೀಕಿನ ವಿಷಯಕ್ಕೆ ಇಬ್ನ್ ಬತೂತನನ್ನು ಕರೆಯಲೇಬೇಕು. 1325ರಲ್ಲಿ, 21 ವರ್ಷದ ಹುಡುಗ, ಮೊರಾಕ್ಕೊದ ಟ್ಯಾಂಜಿಯರ್‌ನಿಂದ ಮೆಕ್ಕಾ ಯಾತ್ರೆಗೆ ಅಂತ ಹೊರಟ. ಅಲೆಕ್ಸಾಂಡ್ರಿಯಾದಲ್ಲಿ ಬುರ್ಹಾನ್ ಉದ್ದೀನ್ ಎಂಬ ಸಂತರು ಸಿಕ್ಕರು. ನಿನಗೆ ತಿರುಗಾಟದ ಆಸೆ ಇದೆ ಅಂತ ಕಾಣುತ್ತೆ, ಭಾರತದಲ್ಲಿ, ಸಿಂಧ್‌ನಲ್ಲಿ, ಚೀನಾದಲ್ಲಿ ನನ್ನ ಮೂವರು ಸಹೋದರರಿದ್ದಾರೆ, ಸಿಕ್ಕರೆ ನನ್ನ ಸಲಾಮು ಹೇಳು ಅಂದರು. ಅಷ್ಟು ದೂರ ಹೋಗುವ ಯೋಚನೆಯೇ ಹುಡುಗನಿಗೆ ಇರಲಿಲ್ಲ. ಆದರೆ ಹೋದ. ಮೂವರಿಗೂ ಸಲಾಮು ತಲುಪಿಸಿದೆ ಅಂತ ಅವನೇ ಹೇಳಿಕೊಂಡಿದ್ದಾನೆ. ಪೀಪಾಯಿಯ ಕೆಲಸವನ್ನು ಈತ ಒಬ್ಬನೇ, ಕಾಲ್ನಡಿಗೆಯಲ್ಲಿ, ಒಂಟೆಯ ಮೇಲೆ, ಹಡಗಿನಲ್ಲಿ ಮಾಡಿದ.

ಇನ್ನೂ ಒಂದಿದೆ. ಚೀನಾದಲ್ಲಿ ಅವನಿಗೆ ತನ್ನ ಸೀಮೆಯವನೇ ಒಬ್ಬ ಸಿಕ್ಕ, ಸೆಯೂಟಾದವನು. ಊರಿನ ಹೆಸರು ಕೇಳಿ ಇಬ್ಬರೂ ಅತ್ತರು. ವರ್ಷಗಳ ನಂತರ, ಸಹಾರಾ ಮರುಭೂಮಿಯ ಅಂಚಿನ ಸಿಜಿಲ್ಮಾಸಾ ಪಟ್ಟಣದಲ್ಲಿ ಇವನು ಉಳಿದುಕೊಂಡದ್ದು ಆ ಮನುಷ್ಯನ ಅಣ್ಣತಮ್ಮಂದಿರಲ್ಲಿ ಒಬ್ಬನ ಮನೆಯಲ್ಲಿ! ಚೀನಾದ ಸುದ್ದಿ ಆ ಮನೆಗೆ ತಲುಪಲು ಬೇರೆ ಯಾವ ದಾರಿ ಇತ್ತು ಹೇಳಿ?

ಆದರೆ ಬುಖಾರಾದಲ್ಲಿ ನಕಲು ಮಾಡಿಕೊಂಡಿದ್ದ ಬರಹಗಳನ್ನು ಅವನು ಸಮುದ್ರದ ದರೋಡೆಯಲ್ಲಿ ಕಳೆದುಕೊಂಡ. ಸುಮಾರು 30 ವರ್ಷದ ತಿರುಗಾಟ ಮುಗಿಸಿ ಬಂದು, ನೆನಪಿನಿಂದಲೇ ಬಹುಪಾಲು ಹೇಳಿ ಇನ್ನೊಬ್ಬರ ಕೈಯಲ್ಲಿ ಬರೆಸಿದ. ಅದು ಮುಗಿದದ್ದು 1355ರಲ್ಲಿ. ಅವನು ಕೊಟ್ಟ ತಾರೀಕುಗಳು ಒಂದಕ್ಕೊಂದು ಕೂಡಿಬರುವುದಿಲ್ಲ. ವಿದ್ವಾಂಸರು ಇವತ್ತಿಗೂ ಅದನ್ನು ಬಿಡಿಸುತ್ತಾ ಕೂತಿದ್ದಾರೆ. ಅಂಥ ಮಹಾ ಪ್ರವಾಸಿಯ ಪಾಡೇ ಹೀಗಾದರೆ ನಮ್ಮ ಹಾಳೆಗಳ ಗತಿ ಏನು? ತಾರೀಕು ಹಾಕಿ, ದಯವಿಟ್ಟು ಹಾಕಿ.

ಚೀಟಿ ಬಂತು. ಇನ್ನು ಐದು ನಿಮಿಷ ಅಂತೆ. ಐದಾರು ವಿಷಯ ಬರೆದುಕೊಂಡು ಬಂದಿದ್ದೆ, ಬೇಗ ಬೇಗ ಹೇಳಿಬಿಡುತ್ತೇನೆ.

ದಕ್ಷಿಣ ಆಫ್ರಿಕಾದ ಮಾಸೆಲ್ ಬೇ. 1500ರಲ್ಲಿ ಪೋರ್ಚುಗೀಸ್ ಕ್ಯಾಪ್ಟನ್ ಒಬ್ಬ ಅಲ್ಲಿನ ಒಂದು ಮರದ ಹತ್ತಿರ ಹಳೇ ಬೂಟಿನೊಳಗೆ ಪತ್ರ ಇಟ್ಟು ಹೋದ. ಕಲ್ಲಿಕೋಟೆಯಲ್ಲಿ ಪರಿಸ್ಥಿತಿ ಕೆಟ್ಟಿದೆ, ಹುಷಾರು ಅಂತ. 1501ರಲ್ಲಿ ಭಾರತದ ಕಡೆ ಹೊರಟಿದ್ದ ಇನ್ನೊಬ್ಬ ಕ್ಯಾಪ್ಟನ್‌ಗೆ ಅದು ಸಿಕ್ಕಿತು. ಮುಂದೆ ಇರುವ ಅಪಾಯವನ್ನು ಹಿಂದೆ ಬರುವವನಿಗೆ ಹೇಳುವುದು. ನಮ್ಮಲ್ಲಿ ಎಷ್ಟು ಜನ ಎಷ್ಟು ಸಲ ಈ ಬೂಟಿನ ಕೆಲಸ ಮಾಡಿದ್ದೀರಿ, ಲೆಕ್ಕ ಇಟ್ಟವರಿಲ್ಲ. ಅಲ್ಲಿ ಈಗ ಬೂಟಿನ ಆಕಾರದ ಅಂಚೆ ಡಬ್ಬಿ ಇಟ್ಟಿದ್ದಾರೆ.

ಇಸ್ತಾಂಬುಲ್‌ನ ಪುಡಿಂಗ್ ಶಾಪ್ ಅನ್ನುವ ಹೋಟೆಲು. 1960ರ ದಶಕದಲ್ಲಿ ಬಸ್ಸು, ವ್ಯಾನು ಹತ್ತಿ ಏಷ್ಯಾದ ಕಡೆ ಹೊರಟ ಯುವಕರೆಲ್ಲ ಅಲ್ಲಿನ ಹಲಗೆಗೆ ಚೀಟಿ ಸಿಕ್ಕಿಸುತ್ತಿದ್ದರು. ಟೆಹರಾನ್, ಕಾಬೂಲ್, ಕಠ್ಮಂಡು ಅಂತ. 1979ರಲ್ಲಿ ಇರಾನಿನಲ್ಲಿ ಕ್ರಾಂತಿ ಆಯಿತು, ವರ್ಷದ ಕೊನೆಗೆ ಅಫ್ಘಾನಿಸ್ತಾನಕ್ಕೆ ಸೋವಿಯತ್ ಸೇನೆ ನುಗ್ಗಿತು. ಆ ನೆಲದ ದಾರಿಯೇ ಮುಚ್ಚಿಹೋಯಿತು. ಈ ಬಗ್ಗೆ ಜಾಸ್ತಿ ಹೇಳಬೇಕಿತ್ತು, ಬಿಡಿ.

ಕಡೆಯದಾಗಿ ಕೇಪ್ ಟೌನ್‌ನ ಕಲ್ಲುಗಳು. 17ನೇ ಶತಮಾನದಲ್ಲಿ ಡಚ್ಚರು, ಇಂಗ್ಲಿಷರು ಆ ಕೊಲ್ಲಿಯಲ್ಲಿ ಇಳಿದಾಗ ಪತ್ರಗಳನ್ನು ಬಟ್ಟೆಯಲ್ಲಿ ಸುತ್ತಿ ಕಲ್ಲಿನ ಕೆಳಗೆ ಇಡುತ್ತಿದ್ದರು. ಕಲ್ಲಿನ ಮೇಲೆ ಹಡಗಿನ ಹೆಸರು, ಕ್ಯಾಪ್ಟನ್ ಹೆಸರು, ಬಂದ ದಿನ, ಹೊರಟ ದಿನ ಕೆತ್ತುತ್ತಿದ್ದರು. ಪತ್ರಗಳು ಯಾವತ್ತೋ ಹೋದವು. ಕಲ್ಲುಗಳನ್ನು ಮ್ಯೂಸಿಯಂನಲ್ಲಿ ಇಟ್ಟಿದ್ದಾರೆ. ಯಾವ ಹಡಗು ಯಾವ ದಿನ ಅಲ್ಲಿತ್ತು ಅಂತ ಇವತ್ತಿಗೂ ಅವು ಹೇಳುತ್ತವೆ. ಉಳಿ ಸುತ್ತಿಗೆ ಹಿಡಿದು ಕಲ್ಲಿನಲ್ಲಿ ತಾರೀಕು ಕೊರೆದರು ಸ್ವಾಮಿ! ನಮ್ಮ ಕೈಯಲ್ಲಿ ಪೆನ್ನಿದೆ.

ಸಮಯ ಆಯಿತು. ಉಳಿದದ್ದನ್ನು ಹೊರಗೆ ಸಿಕ್ಕಾಗ ಮಾತಾಡೋಣ, ನಾನು ಸಂಜೆಯವರೆಗೂ ಇಲ್ಲೇ ಇರುತ್ತೇನೆ. ನನ್ನ ಬರಹದ ಮುಂದೆ ಇವತ್ತು ಬೆಳಿಗ್ಗೆ ಆ ಹಳೇ ಪ್ರಯಾಣದ ತಾರೀಕು ಹಾಕಿದೆ, ಟಿಕೆಟ್ ಇನ್ನೂ ಡೈರಿಯಲ್ಲಿತ್ತು. ಪೆನ್ಸಿಲ್‌ನವರು, ಕೆಂಪು ಶಾಯಿಯವರು ಈ ಸಭೆಯಲ್ಲಿದ್ದರೆ ದಯವಿಟ್ಟು ಬಂದು ನಿಮ್ಮದನ್ನೂ ಬರೆಯಿರಿ. ಹಾಳೆಯನ್ನು ಈ ಮೇಜಿನ ಮೇಲೆ ಇಡುತ್ತಿದ್ದೇನೆ, ಪಕ್ಕದಲ್ಲಿ ಪೆನ್ನು ಇದೆ. ಆ ಕಡೆ ಹೋಗುವವರು ಯಾರಾದರೂ ಇದ್ದರೆ ತೆಗೆದುಕೊಂಡು ಹೋಗಿ. ಕೆಳಗೆ ಇನ್ನೂ ಮೂರು ಬೆರಳಷ್ಟು ಜಾಗ ಇದೆ.