ಬಫರ್ ದೊಡ್ಡದು ಮಾಡಿದರೆ ಬಗ್ ಹೋಗಲ್ಲ

ಲಿನಕ್ಸ್‌ಗೆ ನೀವೊಂದು ಫೈಲ್‌ಸಿಸ್ಟಮ್ (ಡಿಸ್ಕ್‌ನಲ್ಲಿ ಫೈಲ್‌ಗಳನ್ನು ಜೋಡಿಸಿಡುವ ಕೋಡ್) ಬರೆಯುತ್ತಿದ್ದೀರಿ ಅನ್ನಿ. ಡೈರೆಕ್ಟರಿಯ ಪಟ್ಟಿ ತೋರಿಸುವ ಎಲ್‌ಎಸ್ ಆಜ್ಞೆ ಕೊಟ್ಟರೆ ಒಂದು ಫೈಲ್ ಪಟ್ಟಿಯಲ್ಲಿ ಕಾಣಲ್ಲ. ಹೆಸರು ಕೊಟ್ಟು ತೆರೆದರೆ ಸಲೀಸಾಗಿ ತೆರೆಯುತ್ತೆ. ಇಡೀ ಡೈರೆಕ್ಟರಿ ಅಳಿಸಲು ಹೋದರೆ ‘ಖಾಲಿ ಇಲ್ಲ’ ಅಂತ ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ತಡೆಯುತ್ತೆ. ಇಂಥ ಕಡೆ ಡಿಸ್ಕ್ ಮೇಲೆ ಅನುಮಾನ ಪಡುವ ಮೊದಲು, ವಿಂಗಡಿಸದ ಪಟ್ಟಿ ತೆಗೆದು, ಕಾಣೆಯಾದದ್ದು ಎಷ್ಟನೆಯದು ಅಂತ ಎಣಿಸಿ.

ಲೆಕ್ಕ ಹೀಗಿದೆ. ಪ್ರೋಗ್ರಾಂಗಳು ಕರ್ನಲ್‌ನಿಂದ ಪಟ್ಟಿ ಪಡೆಯುವುದು ಲಿನಕ್ಸ್‌ನ ಗೆಟ್‌ಡೆಂಟ್ಸ್64 ಸಿಸ್ಟಮ್ ಕಾಲ್‌ನಿಂದ. ಅದರಲ್ಲಿ ಪ್ರತಿ ಎಂಟ್ರಿಗೆ (ಪಟ್ಟಿಯ ಒಂದೊಂದು ಹೆಸರಿನ ದಾಖಲೆಗೆ) 19 ಬೈಟ್ ಹೆಡರ್, ಆಮೇಲೆ ಹೆಸರು, ಕೊನೆಗೊಂದು ಸೊನ್ನೆ ಬೈಟ್. ಮೊತ್ತವನ್ನು 8ರ ಗುಣಕಕ್ಕೆ ಏರಿಸುತ್ತಾರೆ. ಹತ್ತಕ್ಷರದ ಇಂಗ್ಲಿಷ್ ಹೆಸರಿಗೆ 30 ಬೈಟ್ ಬೇಕು, ಹಿಡಿಯುವುದು 32. ಒಂದು ಕಾಲ್‌ನಲ್ಲಿ ಎಂಟ್ರಿಗಳನ್ನು ತುಂಬಿಕೊಡುವ ಜಾಗ, ಅಂದರೆ ಬಫರ್, 32,768 ಬೈಟ್ ಅಂದುಕೊಳ್ಳಿ. ಡಾಟ್ (ಇದೇ ಡೈರೆಕ್ಟರಿ), ಡಾಟ್‌ಡಾಟ್ (ಮೇಲಿನ ಡೈರೆಕ್ಟರಿ) ಮೊದಲು ಬಂದು ತಲಾ 24 ಬೈಟ್ ತಿಂದ ಮೇಲೆ 1,022 ಫೈಲ್ ಹಿಡಿಯುತ್ತೆ. 1,023ನೆಯದು ಮಾಯ, ಮುಂದಿನ ಬಫರ್‌ನಲ್ಲಿ 1,024 ಬಂದು 2,048ನೆಯದೂ ಮಾಯ ಅಂತಾದರೆ ಡಿಸ್ಕ್‌ನ ತಪ್ಪಲ್ಲ, ಬಫರ್ ತುಂಬಿದ ಅಂಚಿನಲ್ಲಿ ಕೋಡ್ ಎಡವಿದೆ.

ಒಂದೊಂದು ಎಂಟ್ರಿಯನ್ನು ಬಫರ್‌ಗೆ ಹಾಕುವ ಕರ್ನಲ್ ಫಂಕ್ಷನ್ ಡಿರ್_ಎಮಿಟ್. ಜಾಗ ಸಾಲದಿದ್ದರೆ ಅದು ‘ಫಾಲ್ಸ್’ ಕೊಡುತ್ತೆ. ಫೈಲ್‌ಸಿಸ್ಟಮ್‌ನ ಕೋಡ್ ಅದನ್ನು ಕೇಳುವ ಮೊದಲೇ ಪೊಸಿಷನ್ (ಎಲ್ಲಿಯವರೆಗೆ ಓದಿದೆ ಅನ್ನುವ ಗುರುತು) ಮುಂದೆ ಸರಿಸಿಬಿಟ್ಟಿದ್ದರೆ, ಮುಂದಿನ ಕಾಲ್ ಆ ಎಂಟ್ರಿಯನ್ನು ದಾಟಿ ಶುರುವಾಗುತ್ತೆ. ಮೊದಲು ಎಮಿಟ್, ಅದು ಗೆದ್ದರೆ ಮಾತ್ರ ಪೊಸಿಷನ್. ಪೊಸಿಷನ್ ಸರಿಸುವ ಸಾಲನ್ನು ಎಮಿಟ್‌ನ ಕೆಳಗಿಳಿಸಿದರೆ ಮುಗಿಯಿತು. ಬಫರ್ ಹಿಗ್ಗಿಸುವುದನ್ನು ಪರಿಹಾರ ಅನ್ನುವವರ ಜತೆ ನನಗೆ ಸ್ವಲ್ಪವೂ ಸಹಮತವಿಲ್ಲ. ಅಂಚು ದೂರ ಹೋಗುತ್ತೆ, ತಪ್ಪು ಅಲ್ಲೇ ಉಳಿಯುತ್ತೆ.

ಪರೀಕ್ಷೆಗೆ ಬಫರ್ ಚಿಕ್ಕದಾಗಬೇಕು. 280 ಬೈಟ್ ಸಾಕು: 255 ಬೈಟ್‌ನ ಅತಿ ಉದ್ದದ ಹೆಸರಿಗೂ ಬೇಕಾಗುವುದು 275, ಏರಿಸಿದರೆ 280. ಹೀಗೆ ಓದಿದರೆ ಕೆಲವೇ ಎಂಟ್ರಿಗೊಮ್ಮೆ ಅಂಚು ಎದುರಾಗಿ, ಬಚ್ಚಿಟ್ಟುಕೊಂಡ ಬಗ್ ಹೊರಬೀಳುತ್ತೆ.

ಇದಕ್ಕಿಂತ ಕಷ್ಟದ್ದು, ಓದುತ್ತಿರುವಾಗಲೇ ಡೈರೆಕ್ಟರಿ ಬದಲಾಗುವುದು. ಪೊಸಿಷನ್ ಬರೀ ಕ್ರಮಸಂಖ್ಯೆಯಾಗಿದ್ದರೆ, ಓದಿ ಮುಗಿದ ಒಂದು ಫೈಲ್ ಅಳಿಸಿದಾಗ ಅದರ ನಂತರದವೆಲ್ಲ ಒಂದು ಸ್ಥಾನ ಮೇಲೆ ಸರಿದು, ಇನ್ನು ಓದಬೇಕಿದ್ದದ್ದು ತಪ್ಪಿಹೋಗುತ್ತೆ. ಆ ಸಂಖ್ಯೆ ಎಂಟ್ರಿಗೇ ಅಂಟಿಕೊಂಡಿರಬೇಕು. ಲಿನಕ್ಸ್‌ನ ಎಕ್ಸ್‌ಟಿ4 ಫೈಲ್‌ಸಿಸ್ಟಮ್ ಇಂಡೆಕ್ಸ್ ಮಾಡಿದ ಡೈರೆಕ್ಟರಿಗಳಲ್ಲಿ ಹೆಸರಿನ ಹ್ಯಾಶ್ (ಹೆಸರಿನಿಂದ ಲೆಕ್ಕ ಹಾಕಿದ ಸಂಖ್ಯೆ) ಬಳಸುವುದು ಇದಕ್ಕೇ. ಬಿಟಿಆರ್‌ಎಫ್‌ಎಸ್ ಅನ್ನುವ ಇನ್ನೊಂದು ಫೈಲ್‌ಸಿಸ್ಟಮ್ ಪ್ರತಿ ಎಂಟ್ರಿಗೆ ಏರುತ್ತಲೇ ಹೋಗುವ ಇಂಡೆಕ್ಸ್ ಸಂಖ್ಯೆ ಕೊಡುತ್ತೆ. ಅಲ್ಲೂ ತೊಡಕಿತ್ತು: ಓದಿದ ಫೈಲಿಗೆಲ್ಲ ಹೆಸರು ಬದಲಿಸುತ್ತ ಹೋದರೆ, ಹೊಸ ಎಂಟ್ರಿ ಕೊನೆಗೆ ಸೇರಿ ಪಟ್ಟಿ ಮುಗಿಯುತ್ತಲೇ ಇರಲಿಲ್ಲ. 2023ರಲ್ಲಿ, ಡೈರೆಕ್ಟರಿ ತೆರೆದಾಗಿನ ಕೊನೆಯ ಇಂಡೆಕ್ಸ್ ನೆನಪಿಟ್ಟು ಅಲ್ಲಿಗೇ ನಿಲ್ಲಿಸುವ ತಿದ್ದುಪಡಿ ಬಂತು. ಆದರೆ ಪಟ್ಟಿಯನ್ನು ಮೊದಲಿಂದ ಓದಲು ರಿವೈಂಡ್‌ಡಿರ್ ಕರೆದಾಗ ಆ ಗಡಿ ಹೊಸದಾಗುತ್ತಿರಲಿಲ್ಲ, ನಡುವೆ ಹುಟ್ಟಿದ ಫೈಲ್‌ಗಳು ಕಾಣುತ್ತಿರಲಿಲ್ಲ. ಅದಕ್ಕೆ ಮತ್ತೊಂದು ತಿದ್ದುಪಡಿ ಬೇಕಾಯಿತು.

ಆದ್ದರಿಂದ ನಿಮ್ಮ ಪ್ಯಾಚ್ ಕಳಿಸುವ ಮುನ್ನ ಇಷ್ಟು ಓಡಿಸಿ: 280 ಬೈಟ್‌ನಲ್ಲಿ ಪೂರ್ತಿ ಓದು, ನಡುವೆ ಅಳಿಸುವುದು, ನಡುವೆ ಹೆಸರು ಬದಲಿಸುವುದು, ಕೊನೆಗೆ ಹೊಸ ಫೈಲ್ ಮಾಡಿ ರಿವೈಂಡ್. ನಡುವೆ ಸೇರಿದ್ದು, ಹೋದದ್ದು ಕಂಡರೂ ಸರಿ, ಕಾಣದಿದ್ದರೂ ಸರಿ. ಯುನಿಕ್ಸ್ ಮಾದರಿಯ ವ್ಯವಸ್ಥೆಗಳ ಮಾನದಂಡವಾದ ಪಾಸಿಕ್ಸ್ ಅದಕ್ಕೆ ವಿನಾಯಿತಿ ಕೊಟ್ಟಿದೆ. ರಿವೈಂಡ್ ಆದಮೇಲೆ ಮಾತ್ರ ಹೊಸ ಫೈಲ್ ಕಾಣಲೇಬೇಕು. ಯಾರೂ ಮುಟ್ಟದ ಫೈಲ್ ಪ್ರತಿ ಸುತ್ತಿನಲ್ಲೂ ಒಂದೇ ಸಲ ಬರಬೇಕು.