ಕೊಳಗ ಯಾರ ಕೈಯಲ್ಲಿದೆ?

ಕೇಳುಗರಿಗೆ ನಮಸ್ಕಾರ.

ಈ ಮಳೆಗಾಲದ ಒಂದು ಸಂಜೆ ಶಿವಮೊಗ್ಗದ ದುರ್ಗಿಗುಡಿಯಲ್ಲಿ ಮಳೆ ಜೋರಾದಾಗ ಅಂಗಡಿಯೊಂದರ ಮಾಡಿನ ಕೆಳಗೆ ನಿಂತಿದ್ದೆ. ಪಕ್ಕದಲ್ಲಿ ಊಟದ ಪಾರ್ಸೆಲ್ ತಲುಪಿಸುವ ಹುಡುಗನೊಬ್ಬ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ್ದ ಮೊಬೈಲನ್ನು ಅಂಗಿಯ ತುದಿಯಿಂದ ಒರೆಸಿ ಒರೆಸಿ ನೋಡುತ್ತಿದ್ದ. "ಐಡಿ ಬ್ಲಾಕ್ ಆಗಿದೆ ಸಾರ್, ಯಾಕೆ ಅಂತ ಯಾರನ್ನ ಕೇಳೋದು?" ಎಂದ. ಅಡಿಕೆ ತೋಟದ ಆಳಿಗೆ ಕೂಲಿಯಲ್ಲಿ ವ್ಯತ್ಯಾಸವಾದರೆ ಒಡೆಯರ ಅಂಗಳದಲ್ಲಿ ನಿಂತು ಜಗಳವನ್ನಾದರೂ ಆಡಬಹುದು. ಈತನಿಗೆ ಅಂತಹ ಅಂಗಳವೇ ಇಲ್ಲ.

1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹಕ್ಕಿಳಿದಾಗ ಕಿಡಿ ಹೊತ್ತಿದ್ದು ಗೇಣಿಯ ಭತ್ತ ಅಳೆಯುವ ಕೊಳಗದ ಗಾತ್ರದ ಮೇಲೆ. ಇಂದಿನ ಕೊಳಗ ಆ್ಯಪ್‌ನೊಳಗಿದೆ. ಯಾರಿಗೆ ಯಾವ ಆರ್ಡರ್, ಎಷ್ಟು ದುಡ್ಡು, ಯಾರ ರೇಟಿಂಗ್ ಇಳಿಯಬೇಕು ಎಂಬುದನ್ನೆಲ್ಲ ಅದೇ ಅಳೆಯುತ್ತದೆ. ದುಡಿಯುವವನಿಗೆ ಕಂಪನಿಗಳು ಇಟ್ಟಿರುವ ಹೆಸರು ಮಾತ್ರ 'ಪಾರ್ಟ್‌ನರ್'. ಲಾಭದಲ್ಲಿ ಪಾಲಿಲ್ಲದ ಪಾಲುದಾರಿಕೆಯನ್ನು ಮಲೆನಾಡಿಗರು ಹೊಸದಾಗಿ ಕಲಿಯಬೇಕಾಗಿದೆ.

2025ರಲ್ಲಿ ಜಾರಿಗೆ ಬಂದ ಕರ್ನಾಟಕದ ಗಿಗ್ ಕಾರ್ಮಿಕರ, ಅಂದರೆ ಇಂತಹ ಆ್ಯಪ್‌ಗಳ ಮೂಲಕ ಬಿಡಿ ಕೆಲಸ ಮಾಡುವವರ, ಕಾಯ್ದೆ ಕೈ ಹಾಕಿರುವುದು ಈ ಕೊಳಗಕ್ಕೇ ಎಂಬುದು ನನ್ನ ಓದು. ಕೆಲಸ ಹಂಚುವ, ದುಡಿಮೆ ಲೆಕ್ಕ ಹಾಕುವ ಸ್ವಯಂಚಾಲಿತ ವ್ಯವಸ್ಥೆಯ ಬಗ್ಗೆ ಕಾರ್ಮಿಕನು ಮಾಹಿತಿ ಕೇಳಬಹುದು. ಹಣ ಕಡಿತ ಮಾಡಿದರೆ ಕಾರಣ ತಿಳಿಸಬೇಕು. ಕೆಲಸದಿಂದ ತೆಗೆಯುವುದಾದರೆ, ಕಾಯ್ದೆ ಹೇಳುವ ಕೆಲವು ಸಂದರ್ಭಗಳನ್ನು ಬಿಟ್ಟು, ಲಿಖಿತ ಕಾರಣದೊಂದಿಗೆ 14 ದಿನ ಮೊದಲೇ ನೋಟಿಸ್ ಕೊಡಬೇಕು. ಇದರ ಜೊತೆಗೆ, ಕಾರ್ಮಿಕನಿಗೆ ಸಲ್ಲುವ ಪ್ರತಿ ಪಾವತಿಯ ಮೇಲೆ ಶೇಕಡಾ 1ರಿಂದ 5ರೊಳಗೆ ಸರ್ಕಾರ ನಿಗದಿಪಡಿಸುವ ಕಲ್ಯಾಣ ಶುಲ್ಕವನ್ನು ಕಂಪನಿಯೇ ಕಟ್ಟಬೇಕು. ಅದು ಕಲ್ಯಾಣ ಮಂಡಳಿಯ ನಿಧಿಗೆ ಸೇರುತ್ತದೆ. ಕೇಂದ್ರದ 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಗಿಗ್ ಕಾರ್ಮಿಕರನ್ನು ಹೆಸರಿಸಿದೆ. ಆದರೆ ಎರಡೂ ಅವರನ್ನು 'ನೌಕರ' ಎಂದು ಕರೆಯಲು ಹಿಂಜರಿದಿವೆ. ಆದ್ದರಿಂದ ನೌಕರನಿಗೆ ತಾನಾಗಿಯೇ ಬರುವ ಕನಿಷ್ಠ ವೇತನ, ರಜೆಗಳನ್ನು ಇವರು ಹಕ್ಕಿನಿಂದ ಕೇಳುವಂತಿಲ್ಲ.

ನೋಟಿಸಿನ ವಿಷಯ ಹೇಳಿದೆ. ಆ ಹುಡುಗ ಮೊಬೈಲನ್ನು ನನ್ನತ್ತ ತಿರುಗಿಸಿ ತೋರಿಸಿದ. ಪರದೆಯ ಮೇಲೆ ಇದ್ದದ್ದು ಇಂಗ್ಲಿಷಿನ ಒಂದೇ ಸಾಲು; ಕಾರಣವೂ ಇರಲಿಲ್ಲ, ತಾರೀಕೂ ಇರಲಿಲ್ಲ. ಅದರ ಫೋಟೊ ತೆಗೆದಿಟ್ಟುಕೊಳ್ಳಲು ಹೇಳಿದೆ. ದೂರು ಬರೆಯುವ ದಿನ ಬಂದರೆ ಅವನ ಕೈಯಲ್ಲಿರುವ ದಾಖಲೆ ಅದೊಂದೇ.