ಎಸ್ಕಮ್‌ನ ತಲೆಕೆಳಗಾದ ಕಲ್ಲು

ಕೇಳುಗರೇ, ನಮಸ್ಕಾರ.

ಇಂಗ್ಲೆಂಡಿನ ಉತ್ತರ ಭಾಗದಲ್ಲಿ ಡರ್ಹಮ್ ಅಂತ ಒಂದು ಸೀಮೆ. ಅಲ್ಲಿ ವಿಯರ್ ನದಿಯ ಹತ್ತಿರ ಒಂದು ಪುಟ್ಟ ಊರಿದೆ, ಎಸ್ಕಮ್. ಹೆಸರು ಕೇಳಿದ ಕೂಡಲೇ ನನಗೆ ನೆನಪಾದದ್ದು ಕರೆಂಟ್ ಬಿಲ್ಲು! ನಗಬೇಡಿ, ಎಸ್ಕಾಂ ಅಂದ್ರೆ ನಿಮಗೂ ಅದೇ ಅಲ್ವಾ?

ನಾನು ಹೋದದ್ದು ಅಲ್ಲಿನ ಚರ್ಚ್ ನೋಡಲು. ಕ್ರಿ.ಶ. 670-675ರ ಆಸುಪಾಸಿನಲ್ಲಿ, ಆಗ ಅಲ್ಲಿ ನೆಲೆಸಿದ್ದ ಆಂಗ್ಲೋ-ಸ್ಯಾಕ್ಸನ್ ಜನ ಕಟ್ಟಿದ್ದು. ಬಾದಾಮಿಯಲ್ಲಿ ಚಾಲುಕ್ಯರು ಆಳುತ್ತಿದ್ದ ಕಾಲ ಅದು. ಈ ಚರ್ಚಿನಲ್ಲಿ ಇಂದಿಗೂ ಪ್ರಾರ್ಥನೆ ನಡೆಯುತ್ತದೆ.

ಮೊದಲ ನೋಟಕ್ಕೆ ಸ್ವಲ್ಪ ನಿರಾಸೆಯೇ ಆಯಿತು. ಸುತ್ತ ಮೊನ್ನೆ ಮೊನ್ನೆ ಕಟ್ಟಿದಂಥ ಸಾಧಾರಣ ಮನೆಗಳು. ನಡುವೆ ಸಮಾಧಿಗಳಿರುವ ದುಂಡನೆಯ ಅಂಗಳ. ಅದರೊಳಗೆ ಉದ್ದಕ್ಕೆ, ಎತ್ತರಕ್ಕೆ, ಕಿರಿದಾಗಿ ನಿಂತ ಕಲ್ಲಿನ ಕಟ್ಟಡ. ಗೋಪುರವಿಲ್ಲ. ದೂರದಿಂದ ನೋಡಿದರೆ ಯಾರೋ ರೈತನ ಉಗ್ರಾಣ ಅನ್ನಬೇಕು. ಬೀಗದ ಕೈ ಪಕ್ಕದ ಮನೆಯ ಹೊರಗೋಡೆಯಲ್ಲಿ ನೇತಾಡುತ್ತಿತ್ತು. ಬಂದವರು ತೆಗೆದುಕೊಂಡು, ನೋಡಿ, ಮತ್ತೆ ಅಲ್ಲೇ ತೂಗುಹಾಕಬೇಕು. ಅಷ್ಟು ಸಲೀಸು.

ಒಳಗೆ ಹೋಗುವ ಮೊದಲು ಗೋಡೆಗೆ ಒಂದು ಸುತ್ತು ಹಾಕಿದೆ. ಈ ಕಲ್ಲುಗಳು ಚರ್ಚಿಗಿಂತಲೂ ಹಳೆಯವು. ಹತ್ತಿರದ ಬಿಂಚೆಸ್ಟರ್‌ನಲ್ಲಿ ರೋಮನ್ನರ ಕೋಟೆಯೊಂದಿತ್ತು. ಅವರು ಬಿಟ್ಟುಹೋದ ಮೇಲೆ ಪಾಳುಬಿದ್ದ ಆ ಕೋಟೆಯಿಂದಲೇ ಕಲ್ಲು ತಂದರು ಅನ್ನುತ್ತಾರೆ. ಕೆಲವು ಕಲ್ಲುಗಳ ಮೇಲೆ ಉಳಿಯಿಂದ ಕೊರೆದ ಓರೆ ಗೆರೆಗಳು ಇನ್ನೂ ಇವೆ. ಬೆರಳಾಡಿಸಿದರೆ ತಗಲುತ್ತವೆ.

ಉತ್ತರದ ಗೋಡೆಯಲ್ಲಿ ಒಂದು ಕಲ್ಲಿದೆ. ಅದನ್ನು ಓದಲು ಕತ್ತು ಪೂರ್ತಿ ವಾಲಿಸಬೇಕು. ರೋಮನ್ ಸೈನ್ಯದ ಆರನೇ ಲೀಜನ್ನಿನ, ಅಂದರೆ ಆರನೇ ದಳದ, ಗುರುತು ಕೆತ್ತಿದ ಕಲ್ಲು ಅದು. ಕೂರಿಸಿರುವುದು ತಲೆಕೆಳಗಾಗಿ! ಆ ಗಾರೆಯವನಿಗೆ ಓದು ಬರುತ್ತಿರಲಿಲ್ಲವೋ, ಬಂದರೂ ಬೇಕಿರಲಿಲ್ಲವೋ. ಅಂಚು ಸರಿಯಾಗಿ ಕೂತರೆ ಸಾಕು ಅಂತ ಇಟ್ಟಿರಬೇಕು. ನನಗಂತೂ ಅವನ ಮೇಲೆ ಪ್ರೀತಿಯೇ ಬಂತು.

ದಕ್ಷಿಣದ ಗೋಡೆಯ ಮೇಲ್ಭಾಗದಲ್ಲಿ ಒಂದು ನೆರಳು ಗಡಿಯಾರವಿದೆ. ಅದರ ಮೇಲೆ ಬಳುಕುವ ಹಾವಿನಂಥ ಕೆತ್ತನೆ. ಗಂಟೆ ನಿಮಿಷದ ಗೊಡವೆ ಇಲ್ಲ, ಮೂರೇ ಗೆರೆ. ಪ್ರಾರ್ಥನೆಯ ಹೊತ್ತು ಗೊತ್ತಾದರೆ ಸಾಕಿತ್ತು. ನಾನು ಹೋದ ದಿನ ಮೋಡ. ಹಾಗಾಗಿ ಅದಕ್ಕೆ ರಜೆ.

ಒಳಗೆ ಚಳಿ. ಹಳೆಯ ಕಿಟಕಿಗಳು ತೀರ ಚಿಕ್ಕವು, ತುಂಬ ಎತ್ತರದಲ್ಲಿವೆ. ಆದರೆ ಹೊರಗೆ ಕಿರಿದಾಗಿದ್ದು ಒಳಗೆ ಅಗಲವಾಗುತ್ತ ಬರುತ್ತವೆ. ಗಾಳಿಗೆ ದಾರಿ ಕಮ್ಮಿ, ಬೆಳಕಿಗೆ ಜಾಸ್ತಿ. ದೊಡ್ಡ ಕಿಟಕಿಗಳು ಆಮೇಲಿನವರು ಸೇರಿಸಿದ್ದು. ಎದುರಿಗೆ, ಪೂಜಾಸ್ಥಾನಕ್ಕೆ ದಾಟುವಲ್ಲಿ, ಎತ್ತರದ ಇಕ್ಕಟ್ಟಾದ ಕಮಾನು. ಅದೂ ರೋಮನ್ನರದ್ದೇ ಇರಬಹುದಂತೆ.

ಇಂಥ ಚರ್ಚನ್ನೂ ಊರಿನವರು ಒಮ್ಮೆ ಕೈಬಿಟ್ಟಿದ್ದರು. 1863ರಲ್ಲಿ ಗುಡ್ಡದ ಮೇಲೆ ಹೊಸ ಚರ್ಚ್ ಎದ್ದಿತು. ಹಳೆಯದರ ಚಾವಣಿ ಕುಸಿಯತೊಡಗಿತು. 1870ರ ದಶಕದ ಕೊನೆಗೆ ಯಾರಿಗೋ ಅದರ ಬೆಲೆ ಗೊತ್ತಾಗಿ ರಿಪೇರಿಯಾಯಿತು. ತಮಾಷೆ ನೋಡಿ, 1971ರಲ್ಲಿ ಕೆಡವಿದ್ದು ಆ ಹೊಸ ಚರ್ಚನ್ನು! ಭಾನುವಾರದ ಜನ ಮತ್ತೆ ಹಳೆಯದಕ್ಕೇ ಬಂದರು.

ನಾನು ಹೊರಡುವ ಹೊತ್ತಿಗೆ ಒಬ್ಬರು ಅಜ್ಜಿ ಹೂವಿನ ಬುಟ್ಟಿ ಹಿಡಿದು ಒಳಗೆ ಬಂದರು. ತಮ್ಮ ಮದುವೆ ಆದದ್ದು ಇಲ್ಲೇ, ಆವತ್ತೂ ಹೀಗೇ ಚಳಿ ಇತ್ತು ಅಂದರು. ನನ್ನ ಕೈಲಿದ್ದ ಬೀಗದ ಕೈ ನೋಡಿ, "ಕೊಡಿ ಇಲ್ಲಿ, ನಾನು ಹಾಕ್ತೀನಿ. ಇನ್ನೂ ಕಸ ಗುಡಿಸೋದಿದೆ" ಅಂದರು.